ಹಸಿರು ಕುಡಿಸುವ ಕೆಲಸ

ಮಾರ್ಚಿಯ ಮೊದಲ ವಾರ, ಬಾಗಲೂರಿನ ಹೂವಿನ ಷೆಡ್ಡಿನಲ್ಲಿ
ಬಿಳಿ ಕಾರ್ನೇಷನ್ನಿಗೆ ಒಂದು ರಾತ್ರಿ ನೀರು ಬಂದ್.
ಬಾಯಾರಲಿ, ಅನ್ನುತ್ತಾನೆ ಅರುಳ್‌ದಾಸ್,
ಬಾಯಾರಿದ್ದೇ ಬಣ್ಣ ಕುಡಿಯೋದು.
ಬೆಳಿಗ್ಗೆ ನಾನು ಕಾಂಡದ ತುದಿ ಓರೆಯಾಗಿ ಕತ್ತರಿಸಿ
ಉಗುರುಬೆಚ್ಚನೆ ಹಸಿರು ನೀರಿಗೆ
ಇಪ್ಪತ್ತಿಪ್ಪತ್ತರ ಕಟ್ಟು ಇಳಿಸುತ್ತೇನೆ,
ಕೂಸಿನ ಬಾಯಿಗೆ ಒಳಲೆ ಹಿಡಿದ ಹಾಗೆ.

ಮೊದಲು ಏನೂ ಇಲ್ಲ.
ಕಾಫಿ ಹೊತ್ತಿಗೆ ಎಸಳಿನ ಅಂಚಿನಲ್ಲಿ ಒಂದು ನರ,
ಊಟದ ಹೊತ್ತಿಗೆ ಹತ್ತು,
ಸಂಜೆ ಷಿಫ್ಟು ಬದಲಾಗುವಾಗ
ಸಾವಿರದ ಇನ್ನೂರು ಹೂವು
ಯಾವ ಗಿಡವೂ ಹೆರದ ಬಣ್ಣದಲ್ಲಿ ನಿಂತಿರುತ್ತವೆ.

ಯಾರಿಗಪ್ಪಾ ಇದು, ಅಂದಳು ಗುರುವಕ್ಕ.
ಐರ್ಲೆಂಡಿನವರ ಹಬ್ಬ, ಹದಿನೇಳಕ್ಕೆ.
ಸಂತನೊಬ್ಬನ ಹೆಸರಲ್ಲಿ ಊರಿಗೂರೇ ಹಸಿರು ಉಡುತ್ತದಂತೆ,
ಉದ್ದ ಟೊಪ್ಪಿ ಹಸಿರು, ಅಂಟಿಸಿದ ಗಡ್ಡ ಹಸಿರು, ಬೀರೂ ಹಸಿರು;
ಎಲ್ಲೋ ದೂರದ ಪಟ್ಟಣದಲ್ಲಿ
ಹೊಳೆಗೇ ಬಣ್ಣ ಕಲಸಿ ದಡದಲ್ಲಿ ನಿಂತು ಚಪ್ಪಾಳೆ.
ಫೋನಿನಲ್ಲಿ ತೋರಿಸಿದ.
ನಮ್ಮ ಹೊಳೆಗೆ ಯಾರೂ ಕಲಸಬೇಕಾಗಿಲ್ಲ, ಅಂದಳು ರೆಡ್ಡೆಮ್ಮ,
ಬೆಂಗಳೂರಿಂದ ನೊರೆ ಹೊತ್ತೇ ಇಳೀತಾಳೆ ಪಿನಾಕಿನಿ.

ಆ ಸಂತ ನಾಡಿನ ಹಾವನ್ನೆಲ್ಲ ಕಡಲಿಗೆ ಅಟ್ಟಿದನಂತೆ.
ಗುರುವಕ್ಕ ಕತ್ತರಿ ಕೆಳಗಿಟ್ಟಳು.
ಒಂದೂ ಬಿಡದೆ?
ಒಂದೂ.
ಹಂಗಾದ್ರೆ ಹುತ್ತಕ್ಕೆ ತನಿ ಎರೆಯೋ ದಿನ
ಆ ಹೆಂಗಸರು ಹಾಲು ಏನು ಮಾಡ್ತಾರೆ?
ಅದು ಕಂಪನಿಯವರು ಹೇಳಿಲ್ಲ, ಅಂದ ಅರುಳ್‌ದಾಸ್.

ಮೂರೆಲೆಯ ಸೊಪ್ಪೊಂದನ್ನು ಎದೆಗೆ ಸಿಕ್ಕಿಸುತ್ತಾರಂತೆ,
ಮೂರೂ ಒಂದೇ ಅಂತ ಸಂತ ಅದನ್ನು ಹಿಡಿದು ಬೋಧಿಸಿದ್ದಂತೆ,
ರಾತ್ರಿ ಕಡೆಯ ಲೋಟದಲ್ಲಿ ಮುಳುಗಿಸಿ ಕುಡಿಯುತ್ತಾರಂತೆ.
ಚಿತ್ರ ನೋಡಿ ನಾವು ನಕ್ಕಿದ್ದೇ ನಕ್ಕಿದ್ದು.
ನಮ್ಮ ಪಾತಿಯ ಕಳೆ ಅದು, ಅಥವಾ ಅದರ ದಾಯಾದಿ.
ಪುಲ್ಲಂಪುರಚಿ, ಅಂದೆ ನಾನು.
ಪುಲಿಚಿಂತ, ಅಂದಳು ರೆಡ್ಡೆಮ್ಮ.
ಪುಳಿಯಾರೈ, ಅಂದಳು ಸೆಂದಾಮರೈ.
ಮೂರು ಬಾಯಿ, ಹುಳಿ ಒಂದೇ.
ಕೂಲಿ ಕೊಟ್ಟು ಕೀಳಿಸುತ್ತಾರೆ;
ಕಿತ್ತದ್ದನ್ನು ಸೆರಗಲ್ಲಿ ಕಟ್ಟಿ ಒಯ್ದರೆ ರಾತ್ರಿಗೆ ಬೇಳೆಸಾರು.

ಇನ್ನೊಂದು ಕಾನೂನು:
ಆ ದಿನ ಹಸಿರು ತೊಡದವರನ್ನು ಯಾರು ಬೇಕಾದರೂ ಚಿವುಟಬಹುದು.
ಅಷ್ಟು ಸಾಕಾಯಿತು ಸೆಂದಾಮರೈಗೆ.
ನೀಲಿ ಕೋಟಿನ ನಮ್ಮನ್ನೆಲ್ಲ ಬೆಂಚು ಸುತ್ತಿ ಚಿವುಟುತ್ತ ಬಂದಳು,
ರೆಡ್ಡೆಮ್ಮ ಹಾರಿದ್ದಕ್ಕೆ ಬಕೆಟ್ಟೊಂದು ಉರುಳಿತು.
ನನ್ನ ಸರದಿ ಬಂದಾಗ
ಗವಸು ಕಳಚಿ ಎರಡೂ ಕೈ ಚಾಚಿದೆ.
ತೂತು ಗವಸು. ಉಗುರಿಂದ ಮಣಿಕಟ್ಟಿನವರೆಗೆ ಹಸಿರು,
ಅಲ್ಲಿ ಗೆರೆ ಎಳೆದ ಹಾಗೆ ನಿಂತಿತ್ತು,
ಹನ್ನೊಂದು ವರ್ಷದ ಹಿಂದೆ
ಕಲ್ಲಿಗೆ ಕುಟ್ಟಿ ಒಡೆದವು
ಇದ್ದ ಜಾಗದಲ್ಲೇ.
ಅವಳ ಬೆರಳು ಗಾಳಿಯಲ್ಲಿ ಹಾಗೇ ಉಳಿಯಿತು.
ಸರಿ ಅಕ್ಕಾ, ನೀನು ಪಾಸು, ಅಂದಳು.

ಭಾನುವಾರ ತಂಗಿಯ ಮಗಳಿಗೆ ಬಳೆ ತೊಡಿಸುವ ಶಾಸ್ತ್ರ.
ಏಳು ತಿಂಗಳ ಹೊಟ್ಟೆ, ಮಲಾರದ ತುಂಬ ಹಸಿರು ಗಾಜು.
ನಾನು ಅಡಿಗೆಮನೆಯ ಹೊಸಿಲಿನೊಳಗೆ,
ಹುಣಿಸೆ, ನಿಂಬೆ, ಸೀಮೆಎಣ್ಣೆ ಯಾವುದಕ್ಕೂ ಬಿಡದ ಕೈಯನ್ನು
ಸೆರಗಿನಲ್ಲಿ ಸುತ್ತಿಕೊಂಡು.
ಬೀಗಿತ್ತಿಯರ ಕಣ್ಣು ಅಲ್ಲಿಗೇ ಬಂದು ಚಿವುಟಿತು.
ಹುಡುಗಿಯೇ ಎದ್ದು ಬಂದು ಕೇಳಿದಳು,
ದೊಡ್ಡಮ್ಮಾ, ಇದು ಹೋಗುತ್ತಾ?
ಹತ್ತು ದಿನ ಬೇಕು, ಅಂದೆ.
ಅವಳು ಇನ್ನೇನೋ ಅಂದಳು,
ಹೊಸ ಬಳೆಗಳ ಸದ್ದಿನಲ್ಲಿ ಸರಿಯಾಗಿ ಕೇಳಲಿಲ್ಲ.

ಇವತ್ತು ಹದಿನೇಳು.
ಬಕೆಟ್ಟು ತೊಳೆದು ಬೋರಲು ಹಾಕಿ ಬಂದಿದ್ದೇನೆ.
ಕತ್ತು ಮುರಿದದ್ದೊಂದು, ಅರ್ಧವೇ ಕುಡಿದದ್ದು,
ಕಿಟಕಿಯ ಸ್ಟೀಲು ಲೋಟದಲ್ಲಿದೆ.
ಅಲ್ಲಿ ಈಗ ಮಧ್ಯಾಹ್ನವಿರಬೇಕು.
ಯಾರೋ ಒಬ್ಬಳು ನಾನು ಕತ್ತರಿಸಿದ ಕಾಂಡವನ್ನು
ಕೋಟಿಗೆ ಚುಚ್ಚಿಕೊಳ್ಳುತ್ತ
ಬೆರಳಿಗೆ ಹತ್ತಿದ ಬಣ್ಣ ಕಂಡು
ಅರೆ, ಅಂತ ಒರೆಸಿಕೊಳ್ಳುತ್ತಿರಬಹುದು.
ಒಲೆಯ ಮೇಲೆ ಪುಲ್ಲಂಪುರಚಿ ಬೇಯುತ್ತಿದೆ.
ಬೆಂದ ಮೇಲೆ ಅದೂ ಹಸಿರಲ್ಲ.