ನಾಲ್ಕೂವರೆಯ ತನಕ

ಬೆಳಗೆದ್ದು ಕಿಟಕಿ ತೆಗೆದರೆ
ಕೊಲ್ಲಿಯ ಬಾಯಿಗೆ ಬಿಳಿಯ ಬಿರಡೆ.
ಬಂದುಬಿಟ್ಟಿದೆ.
ಇಗರ್ಜಿಯ ಗೋಪುರ ಅದರೆದುರು ಕಡ್ಡಿಪೆಟ್ಟಿಗೆ.
ಹದಿನಾಲ್ಕು ಅಂತಸ್ತು, ನಾನೇ ಎಣಿಸಿದ್ದೇನೆ,
ಒಂದನ್ನೂ ಹತ್ತಿಲ್ಲ.

ಜಾಯಿಕಾಯಿ, ಚಕ್ಕೆ, ಲವಂಗ ಪೋಣಿಸಿದ ಹಾರಗಳನ್ನು
ಮೊಣಕೈವರೆಗೆ ಬಳೆಯಂತೆ ಏರಿಸಿ
ಇಳಿಜಾರಲ್ಲಿ ಇಳಿಯುತ್ತೇನೆ.
ಬೇಲಿಯಾಚೆಯಿಂದ ಡೆಸ್ಮಾ:
"ಯುಲಾಲಿ, ಎಷ್ಟು ತಲೆಯೇ ಇವತ್ತು?"
"ಮೂರು ಸಾವಿರವಂತೆ."
ಮಳೆ ಬರುತ್ತದೋ ಇಲ್ಲವೋ ಎಂದು ಹೇಳುವ ರೇಡಿಯೋನೇ
ನಮಗೆ ಹಡಗಿನ ಸುದ್ದಿಯನ್ನೂ ಹೇಳುತ್ತದೆ.

ಎಂಟಕ್ಕೆ ಇಳಿಯುತ್ತಾರೆ.
ಮೂಗಿಗೆ ಬಿಳಿ ಮುಲಾಮು,
ಎದೆಗೆ ಅಂಟಿಸಿಕೊಂಡ ನಂಬರು, ಹಸಿರು ಗುಂಪು, ಒಂಬತ್ತನೇ ಬಸ್ಸು.
ಮಗಳ ಮಗ ಕೆಸ್ಟರ್ ಫಲಕ ಹಿಡಿದು ನಿಂತಿದ್ದಾನೆ:
ಜಲಪಾತ, ಚಾಕೊಲೇಟ್ ಕಾರ್ಖಾನೆ, ಕಡಲತೀರ,
ಎಲ್ಲವೂ ಮೂರೂವರೆ ತಾಸಿನಲ್ಲಿ.
ಅವನು ಹುಟ್ಟುವುದಕ್ಕೇ
ಅದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡಿದ್ದ.

ಮೂಸಿ ನೋಡಿ ಕೇಳುತ್ತಾರೆ,
ಇದು ತಿನ್ನುವುದೋ ತೊಡುವುದೋ?
ಮೊದಲು ತೊಡಿ, ಹಸಿದಾಗ ತಿನ್ನಿ, ಎನ್ನುತ್ತೇನೆ.
ಹಾರಕ್ಕೆ ಐದು ಡಾಲರ್. ಫೋಟೋಗೆ ಒಂದು.
ನಗು ಪುಕ್ಕಟೆ,
ಹನ್ನೊಂದು ಗಂಟೆಯವರೆಗೆ.

ಜಾಯಿಕಾಯಿಯ ಒಂದು ಗುಟ್ಟನ್ನು ಮಾತ್ರ ಇವರಿಗೆ ಹೇಳುವುದಿಲ್ಲ.
ಆ ದೊಡ್ಡ ಗಾಳಿಗೆ ನನ್ನ ಹನ್ನೊಂದು ಮರಗಳೂ
ಒಂದೇ ರಾತ್ರಿ, ಒಂದೇ ದಿಕ್ಕಿಗೆ ತಲೆ ಹಾಕಿ ಮಲಗಿದವು.
ಮತ್ತೆ ನೆಟ್ಟೆ.
ಆರೇಳು ವರ್ಷ ನೀರು, ಗೊಬ್ಬರ, ಮಾತು
ಎಲ್ಲ ಹೊಯ್ದ ಮೇಲೆ, ಹೂ ಬಿಟ್ಟ ಮೇಲೆಯೇ ತಿಳಿಯುವುದು
ಇದು ಗಂಡು, ಇದು ಹೆಣ್ಣು.
ಗಂಡು ಕಾಯಿ ಕೊಡುವುದಿಲ್ಲ.
ನನ್ನ ಪಾಲಿಗೆ ಏಳು ಗಂಡು ಬಂದವು.
ಇದನ್ನು ಒಂಬತ್ತನೇ ಬಸ್ಸಿಗೆ ಹೇಗೆ ಹೇಳಲಿ?

ಮಧ್ಯಾಹ್ನ ರಮ್ ಅಂಗಡಿಯ ಗೋಡೆಯ ನೆರಳಿಗೆ
ಆ ಹುಡುಗಿ ಬಂದಳು. ಎದೆಗೆ ನಂಬರಿಲ್ಲ, ಮೈಗೆ ಮುಲಾಮಿಲ್ಲ,
ಕೈಗೆ ಸಾಬೂನು ತಿಂದ ಬಿಳುಪು.
ಅಂಗಡಿಯ ವೈಫೈ ಗೋಡೆ ದಾಟಿ ಅಷ್ಟು ದೂರ ಮಾತ್ರ ಬರುತ್ತದೆ.
ಫೋನಿನೊಳಗೆ ಒಂದು ಮಗು,
ಅಲ್ಲಿ ನಡುರಾತ್ರಿ, ಎಬ್ಬಿಸಿ ಕೂರಿಸಿದ್ದಾರೆ,
ತೂಕಡಿಸುತ್ತಲೇ ಹಲ್ಲು ಬಿದ್ದ ಜಾಗ ತೋರಿಸುತ್ತಿದೆ.
ಚಿತ್ರ ಗಕ್ಕನೆ ನಿಂತಿತು, ಬಾಯಿ ತೆರೆದಂತೆಯೇ.
ಅವಳು ಅದನ್ನೇ ನೋಡುತ್ತ ಕೂತಳು.

ಹೆಸರು ಮರಿವಿಕ್, ಊರು ಇಲೋಯ್ಲೋ.
"ನಲವತ್ತೊಂದು ಸಲ ಬಂದಿದ್ದೇನೆ ನಿಮ್ಮಲ್ಲಿಗೆ.
ಈ ಗೋಡೆಯಿಂದಾಚೆ ಹೋಗಿಲ್ಲ.
ಜಲಪಾತ ನಿಜವಾಗಿಯೂ ಇದೆಯಾ?"
"ಇದೆ. ನಾನೂ ನೋಡಿ ಇಪ್ಪತ್ತು ವರ್ಷವಾಯಿತು."
ಇಬ್ಬರೂ ನಕ್ಕೆವು.
ನನ್ನ ಡಬ್ಬಿಯಲ್ಲಿ ಜೀಗುಜ್ಜೆ, ಕೆಸುವಿನೆಲೆ, ಉಪ್ಪುಮೀನು,
ತೆಂಗಿನ ಹಾಲು ಇಂಗುವವರೆಗೆ ಬೆಂದದ್ದು.
ಒಂದೇ ಚಮಚ. ಸರದಿಯಲ್ಲಿ ತಿಂದೆವು.

ನಿಮ್ಮ ಹಡಗಿನ ಹದಿನಾಲ್ಕು ಅಂತಸ್ತು
ನನಗೆ ಬಾಯಿಪಾಠ ಎಂದೆ, ಸ್ವಲ್ಪ ಜಂಬದಿಂದ.
ಅವಳು ಚಮಚ ನೆಕ್ಕಿ,
"ಹದಿನೇಳು" ಎಂದಳು.
"ಮೂರು ನೀರಿನೊಳಗಿವೆ, ದಡಕ್ಕೆ ಕಾಣುವುದಿಲ್ಲ.
ಕಿಟಕಿಯಿಲ್ಲ. ಟವೆಲು ಒಗೆಯುವುದು ಅಲ್ಲಿ.
ನಾನಿರುವುದೂ ಅಲ್ಲಿಯೇ."

ಸೆರಗಿಲ್ಲದ ನನ್ನ ಅಂಗಿಯ ಜೇಬಲ್ಲಿ
ಒಂದು ಹಸಿ ಕಾಯಿ ಇತ್ತು, ಮಾರುವುದಕ್ಕಲ್ಲ,
ಕೆಂಪು ಜಾಪತ್ರೆ ಇನ್ನೂ ಬಿಡಿಸಿರಲಿಲ್ಲ.
ಅವಳ ಅಂಗೈಗೆ ಇಟ್ಟೆ.
ದಿಂಬಿನ ಕೆಳಗಿಟ್ಟುಕೋ ಎಂದೆ.
ಗೇಟಿನಲ್ಲಿ ಹಣ್ಣು ಒಯ್ಯಬಿಡುವುದಿಲ್ಲವಂತೆ.
ಕಾಲುಚೀಲದೊಳಗೆ ತುರುಕಿಕೊಂಡಳು,
ಕುಂಟುತ್ತ ಓಡಿದಳು.

ನಾಲ್ಕೂವರೆಗೆ ಮೂರು ಸಲ ಕೂಗಿತು.
ಮೇಲಿನ ಹದಿನಾಲ್ಕರಿಂದ ಕೈಗಳು ಬೀಸಿದವು.
ನಾನು ನೋಡುತ್ತಿದ್ದುದು
ಬಿಳಿ ಬಣ್ಣ ಮುಗಿದು ನೀರು ಶುರುವಾಗುವ ಗೆರೆಯನ್ನು.

ಸಂಜೆ ಕೊಲ್ಲಿ ಮತ್ತೆ ಬಾಯಿ ತೆರೆದು ಉಸಿರಾಡಿತು.
ಏರು ಹತ್ತುವಾಗ ಬೇಲಿಯಾಚೆಯಿಂದ ಡೆಸ್ಮಾ:
"ಎಷ್ಟಾಯಿತೇ?"
"ಹದಿನೇಳು."
"ಪರವಾಗಿಲ್ಲವೇ! ಅಷ್ಟೂ ಹಾರ ಹೋಯಿತಾ?"

ಒಂಬತ್ತು ಹೋಗಿದ್ದವು.
ನಾನು ತಿದ್ದಲಿಲ್ಲ.