ರೇವು

ಕೋಲಾರದ ಮಂಡಿಗೆ ಬೆಳಗಾಗುವುದು
ಹೊತ್ತು ಹುಟ್ಟಿದಾಗಲ್ಲ,
ಮೊದಲನೇ ಕೂಗು ಎದ್ದಾಗ.
ಒಂದು ಕಾಲು ಬಾಕ್ಸಿನ ಮೇಲೆ, ಇನ್ನೊಂದು ಗಾಳಿಯಲ್ಲಿ,
ಹರಾಜಿನ ಮುನಿಶಾಮಿ ನಡೆಯುತ್ತಾನೆ:
ಮುನ್ನೂರಾ ಹತ್ತು, ಇಪ್ಪತ್ತು, ಇಪ್ಪತ್ತೇ ಇಪ್ಪತ್ತು.

ನಾನು ಅಲ್ಲೊಂದು ಅಂಗಡಿಯಲ್ಲಿ ಲೆಕ್ಕ ಬರೆಯುವವಳು.
ಹನ್ನೆರಡು ವರ್ಷದ ಪುಸ್ತಕಗಳಲ್ಲಿ
ಟೊಮ್ಯಾಟೊ ರಸದ ಕಲೆಯಿಲ್ಲದ ಪುಟ
ಹಬ್ಬದ ರಜೆಯದ್ದೊಂದೇ.
ಸಮುದ್ರ ನೋಡಿಲ್ಲ.

ಲಾರಿಗಳು ನೋಡಿವೆ.
ರಾಯಪುರ, ಸಿಲಿಗುರಿ, ಅಗರ್ತಲಾದ ಧೂಳು ಹೊತ್ತು
ಹಿಂದಕ್ಕೆ ಹಿಂದಕ್ಕೆ ಸರಿದು ಅಂಗಡಿಗೆ ಬೆನ್ನು ಕೊಡುತ್ತವೆ.
ಗೇಟಿನ ಟೀ ಅಂಗಡಿಯಲ್ಲಿ ಐದು ಭಾಷೆ;
‘ಸಕ್ಕರೆ ಕಮ್ಮಿ’ಯನ್ನು ರಾಮಕ್ಕ ಐದರಲ್ಲೂ ಕಲಿತಿದ್ದಾಳೆ,
‘ಉದ್ರಿ ಇಲ್ಲ’ವನ್ನೂ.
ಕೊಳೆತ ಹಣ್ಣಿನ ರಾಶಿಯಿಂದ ಹಸು ತಲೆಯೆತ್ತಿದರೆ
ಬಾಯೆಲ್ಲ ಕೆಂಪು, ಎಲೆಯಡಿಕೆ ಹಾಕಿದ ಅತ್ತೆಯ ಹಾಗೆ.
ಅಂತರಗಂಗೆಯ ಬಂಡೆಗಳೋ,
ಏನೂ ಕೊಳ್ಳದೆ ಬರೀ ನೋಡುವ ಗಿರಾಕಿಗಳು.

ಅಪ್ಪಲರಾಜು ಬಂದದ್ದು ಕಾಕಿನಾಡ ಕಡೆಯಿಂದ.
ಅಪ್ಪನ ದೋಣಿ ಮಾರಿ ಸ್ಟೇರಿಂಗ್ ಹಿಡಿದವನು.
ಮೊದಲ ದಿನ ಕ್ಯಾಬಿನ್ನಿನಿಂದಿಳಿದು, ಲುಂಗಿ ಮಡಚಿ,
ಮೂಗು ಅರಳಿಸಿ ಸುತ್ತ ನೋಡಿ
‘ಇದಿ ರೇವೇ ಕದಾ’ ಅಂದ.
ನಮಗೆ ತೆಲುಗು ಪರಭಾಷೆಯಲ್ಲ.
ಆದರೂ ಯಾರಿಗೂ ಅರ್ಥವಾಗಲಿಲ್ಲ.
ಅಲ್ಲೂ ಹೀಗೇ, ಅಂದ. ಕತ್ತಲಲ್ಲೇ ಹರಾಜು,
ಇದೇ ಕೂಗು, ಇದೇ ಜಾರುವ ನೆಲ, ತೂಕಕ್ಕೆ ಇದೇ ಜಗಳ.
ವಾಸನೆ ಬೇರೆ. ಬೆಕ್ಕು ಜಾಸ್ತಿ.
‘ನೀರೆಲ್ಲಪ್ಪಾ ಇಲ್ಲಿ?’ ಅಂದ ಹಮಾಲಿ ಗಂಗುಲಪ್ಪ.
ಅವನು ಹೆದ್ದಾರಿಯ ಕಡೆ ಕೈ ತೋರಿಸಿದ.

ಟಾರ್ಪಾಲು ಹೊಲಿಯುವ ಪ್ಯಾರೇಜಾನ್ ಸಾಬರು
ಸೂಜಿಯನ್ನು ಹಲ್ಲಲ್ಲಿ ಕಚ್ಚಿಕೊಂಡು ನೋಡಿದರು
ಅವನು ಹಗ್ಗ ಬಿಗಿಯುವುದನ್ನು:
ಒಂದು ಸುತ್ತು ಒಳಗೆ, ಒಂದು ಹೊರಗೆ,
ಮೂರನೆಯದು ತನ್ನ ಮೇಲೆ ತಾನೇ ಮಲಗುವುದು.
ದೋಣಿಯ ಗಂಟು. ಅಲೆ ಎಳೆದಷ್ಟೂ ಬಿಗಿಯುವುದಂತೆ.
ಗಂಗುಲಪ್ಪ ಕಲಿತ, ಅವನ ಭಾಮೈದ ಕಲಿತ,
ಈಗ ಮಂಡಿಯಿಂದ ಹೊರಡುವ ಯಾವ ಲೋಡಾದರೂ ನೋಡಿ,
ನಾಲ್ಕು ಮೂಲೆಗೂ ಅದೇ.

ಅಪ್ಪಲರಾಜು ಬಾರದೆ ಎರಡು ಸೀಸನ್ ಆಯಿತು.
ಫೋನು ಸ್ವಿಚ್ ಆಫ್.
ಪುಸ್ತಕದಲ್ಲಿ ಅವನ ಹೆಸರಿನ ಮುಂದೆ
ಮುನ್ನೂರೈವತ್ತು ರೂಪಾಯಿ ಬಾಕಿ.
ಅವನದಲ್ಲ, ನಾವು ಕೊಡಬೇಕಾದದ್ದು.
ಹೊಸ ವರ್ಷಕ್ಕೆ ಹೊಸ ಪುಸ್ತಕಕ್ಕೆ ಎತ್ತಿ ಬರೆಯುತ್ತೇನೆ.

ಮೊನ್ನೆ ಹಳೆಯವನ್ನೆಲ್ಲ ಕಟ್ಟಿ ಅಟ್ಟಕ್ಕೆ ಹಾಕುವಾಗ
ಕೈ ತಾನಾಗಿ ಆ ಗಂಟನ್ನೇ ಹಾಕಿತು.
ಆಮೇಲೆ ಯಾವುದೋ ಚೀಟಿ ಬೇಕಾಗಿ ಬಿಚ್ಚಲು ಹೋದರೆ
ಆಗಲಿಲ್ಲ. ಗಂಗುಲಪ್ಪನಿಗೂ ಆಗಲಿಲ್ಲ.
ಬಿಚ್ಚುವುದನ್ನು ಮುಂದಿನ ಟ್ರಿಪ್ಪಿಗೆ ಹೇಳ್ತೀನಿ ಅಂದಿದ್ದನಂತೆ.
ಅಗರ್ತಲಾದವರು ಏನು ಮಾಡುತ್ತಾರೋ,
ಕೊಯ್ಯುತ್ತಾರೇನೋ.
ಸಾಬರು ಕತ್ತರಿ ಚಾಚಿದರು.
ಇರಲಿ ಬಿಡಿ, ಅಂದೆ.
ಹೊರಗೆ ಯಾರೋ
ಹಿಂದಕ್ಕೆ ಬರುತ್ತಿದ್ದ ಲಾರಿಯ ತಗಡು ಬಡಿಯುತ್ತಿದ್ದರು.