ಓವರ್

ಬೈತಖೋಲ ಬಂದರ, ಸಂಘದ ಕೋಣೆ.
ವೈರ್‌ಲೆಸ್ ಮುಂದೆ ನಾನು, ರಾತ್ರಿಪಾಳಿಯ ವಿಠೋಬ ಹರಿಕಂತ್ರ.
ಕೇಳ್ತದನಾ? ಓವರ್.

ಗಾಳಿ ವಾಯವ್ಯದಿಂದ, ಜೋರಿಲ್ಲ.
ಎರಡು ದಿವಸ ಮಳೆ ಇಲ್ಲ ಹೇಳಿ ಸರ್ಕಾರ ಹೇಳಿದೆ,
ಸರ್ಕಾರ ಹೇಳಿದ್ದಕ್ಕೆ ನಾನು ಜವಾಬ್ದಾರ ಅಲ್ಲ.
ಇಷ್ಟು ಅಧ್ಯಕ್ಷರ ಸಲುವಾಗಿ. ಇನ್ನು ನಿಮ್ಮ ಸಲುವಾಗಿ:
ಫೈನಲ್. ನಮ್ಮವರಿಗೆ ನೂರ ಎಂಬತ್ತೊಂಬತ್ತು ಬೇಕು.
ಟಾಸ್ ಗೆದ್ದು ಬೌಲಿಂಗ್ ತಗೊಂಡವನಿಗೆ
ತಲೆ ಇದೆಯೋ ಬರೀ ಟೋಪಿಯೋ
ಹನ್ನೊಂದೂವರೆಗೆ ಗೊತ್ತಾಗ್ತದೆ. ಓವರ್.

ನಲವತ್ತು ಮಾರು ನೀರಿನ ಮೇಲಿಂದ
‘ಜಲಪದ್ಮ’ದ ಸುಕ್ರು ತಾಂಡೇಲನ ದನಿ,
ಕಾದ ಎಣ್ಣೆಗೆ ತಾರ್ಲಿ ಬಿಟ್ಟ ಹಾಗೆ ಚರಚರ:
ಕ್ರಿಕೆಟ್ ಇರಲಿ ಮಾರಾಯ,
ಆ ಹಾಡಿನ ಸ್ಪರ್ಧೆಯ ಅಂಕೋಲೆ ಹುಡುಗಿ
ಉಳಿದಳೋ ಹೋದಳೋ? ಓವರ್.

ಹೋದಳು.
ಮೂವರು ತೀರ್ಪುಗಾರರು, ಮೂವರೂ ಅತ್ತರು,
ಅತ್ತುಕೊಂಡೇ ಹೊರಗೆ ಹಾಕಿದರು.
ಫೀಲ್ ಸಾಲಲಿಲ್ಲ ಅಂತೆ.
ಫೀಲ್ ಅಂದ್ರೆ ಎಂತದು, ಕೇಜಿಗೆ ಎಷ್ಟು,
ಮೂವರಲ್ಲಿ ಒಬ್ಬರೂ ಹೇಳಲಿಲ್ಲ.
ಆ ಹುಡುಗಿ ಮೇಲಿನ ಸ್ವರದಲ್ಲಿ ನಿಂತಾಗ
ಇಲ್ಲಿ ಐಸ್ ಫ್ಯಾಕ್ಟರಿಯವರು ಯಂತ್ರ ಬಂದ್ ಮಾಡಿ ಕೇಳಿದ್ದಾರೆ,
ಅದನ್ನು ಯಾರು ಲೆಕ್ಕಕ್ಕೆ ತಗೊಳ್ತಾರೆ?

ಡ್ರೈವರ್ ಬಸ್ತ್ಯಾಂವನಿಗೆ ಹೇಳಿ:
ಸೊಸೆಗೆ ನೆನಪು ಇನ್ನೂ ಬಂದಿಲ್ಲ.
ಬಂದರೆ ಧಾರಾವಾಹಿ ಮುಗೀತದಲ್ಲ. ಓವರ್.

ಹೀಗೆ ಹದಿನೆಂಟು, ಹತ್ತೊಂಬತ್ತು.
ಕೊನೆಯದಕ್ಕೆ ಹದಿನೈದು ಬೇಕು,
ಸ್ಟ್ರೈಕಿನಲ್ಲಿ ಆ ಎಡಗೈ ಪೋರ, ಬೆನ್ನ ಮೇಲೆ ನಲವತ್ತಾರು.
ನಾನು ಮೊದಲ ದಿವಸವೇ ಹೇಳಿರಲಿಲ್ಲವಾ
ಇಂವ ಬಲೆಯಲ್ಲಿ ಸಿಗುವ ಮೀನಲ್ಲ ಹೇಳಿ?
ಆರು ಬೋಟು ಎಂಜಿನ್ ಸಣ್ಣ ಮಾಡಿ ಕಾದವು.
ಆಗ
ಮೊಬೈಲಿನ ಪರದೆ ನಿಂತಿತು.
ಒಂದು ಬಿಳಿ ಬಳೆ, ತಿರುಗ್ತದೆ, ತಿರುಗ್ತದೆ.
ಕಿಟಕಿಗೆ ಹಿಡಿದೆ, ಮೇಜು ಹತ್ತಿದೆ,
ಗಣಪತಿ ಫೋಟೋದ ಬಗಲಿಗೆ ಇಟ್ಟು ನೋಡಿದೆ.
ಹೊರಗೆ ದೇವಗಡದ ದೀಪ ತನ್ನ ಪಾಡಿಗೆ ಮಿಣುಕ್ತಿತ್ತು.

ನೆಟ್ ಹೋಯ್ತು ಹೇಳಬಹುದಿತ್ತು.
ಗುಂಡಿ ಒತ್ತಿ ಹಿಡಿದೆ. ನಾಲ್ಕು! ಕವರಿನ ಸಂದಿಯಲ್ಲಿ.
ಆಮೇಲೆ ಎರಡು. ಆಮೇಲೆ ಖಾಲಿ.
ಒಂದು ವೈಡನ್ನೂ ಹಾಕಿಸಿದೆ, ಸುಳ್ಳಿಗೂ ಸ್ವಲ್ಪ ಲೈನ್ ತಪ್ಪಬೇಕು,
ಇಲ್ಲದಿದ್ರೆ ಯಾರೂ ನಂಬೂದಿಲ್ಲ.
ಮತ್ತೆ ಎರಡು, ಓಡಿದ ಕೂಡಲೇ ಅವನ ಹೆಲ್ಮೆಟ್ ಬಿತ್ತು,
(ಅದು ಎಲ್ಲಿಂದ ಬಂತೋ ನನಗೇ ಗೊತ್ತಿಲ್ಲ)
ಮತ್ತೆ ಖಾಲಿ. ಉಸಿರು ತಗೊಂಡೆ.
ಗುಂಡಿ ಒತ್ತಿದಷ್ಟು ಹೊತ್ತು
ಅವರ ದನಿ ಈ ಕಡೆ ಬರೂದಿಲ್ಲ, ಬಂದಿದ್ರೆ
ನಿಲ್ಲಿಸ್ತಿದ್ದೆನೋ ಏನೋ.
ಸಿಕ್ಸ್! ಲಾಂಗಾನಿನ ತಲೆ ಮೇಲೆ, ಸೀದಾ ಕತ್ತಲಿಗೆ.
ಬೆರಳು ಬಿಟ್ಟೆ. ಆರು ಬೋಟಿನ ಹಾರನ್
ಒಂದರ ಮೇಲೊಂದು ಬಿದ್ದು ಕೋಣೆಯೊಳಗೆ ಸುರೀತು.

ಹನ್ನೆರಡೂ ಏಳಕ್ಕೆ ಬಳೆ ನಿಂತಿತು.
ಎರಡನೇ ಎಸೆತಕ್ಕೇ ಕ್ಯಾಚು, ಅದೇ ಲಾಂಗಾನಿನಲ್ಲಿ.
ನಾಲ್ಕು ರನ್ನಿಂದ ಸೋತಿದ್ದೆವು.
ಮೈಕು ಕೈಯಲ್ಲೇ ಇತ್ತು. ಹವಾಮಾನ ಮತ್ತೊಮ್ಮೆ ಓದಿದೆ.

ಬೆಳಿಗ್ಗೆ ಸುಕ್ರು ಬಂದ, ಮಾತಾಡಲಿಲ್ಲ.
ಬೀಡಿಕಟ್ಟಿನ ಕಾಗದ ಮೇಜಿನ ಮೇಲಿಟ್ಟು ಹೋದ:
‘ಹೋಟೆಲಿಗೆ ತೆಗೆದಿಟ್ಟ ಇಸವಣ, ಎಂಟು ಕೇಜಿ,
ಗೆದ್ದ ಖುಷಿಗೆ ರಾತ್ರಿ ಸಾರು.
ವಿಠೋಬನ ಲೆಕ್ಕ.’
ಅಡಿಯಲ್ಲಿ ಇನ್ನೊಬ್ಬರ ಅಕ್ಷರ, ಬಸ್ತ್ಯಾಂವಂದೇ ಇರಬೇಕು:
‘ಹೆಲ್ಮೆಟ್ ಚಲೋ ಇತ್ತು.’

ಆಮೇಲೆ ಎರಡು ತಿಂಗಳು ಬಂದಿ,
ಬೋಟಿಗೆಲ್ಲ ತಾಡಪತ್ರಿ, ವೈರ್‌ಲೆಸ್ಸಿಗೂ ಒಂದು ಹಳೇ ಪಂಚೆ.
ಆಗಸ್ಟಿನ ಮೊದಲ ರಾತ್ರಿ ಪಂಚೆ ತೆಗೆದೆ. ಚರಚರ.

ಬಂದರ, ಬಂದರ, ‘ಜಲಪದ್ಮ’ ಮಾತಾಡೂದು.
ಕಬಡ್ಡಿ ಇವತ್ತನಾ ನಾಳೆಯನಾ?
ಸೋಲೂದಾದ್ರೆ ಈಗಲೇ ಹೇಳು,
ಮೀನು ಐಸಿಗೆ ಹಾಕ್ತೇವೆ. ಓವರ್.